ಅರವತ್ತೆರಡು ಡಿಗ್ರಿಯ ಆಲ್ಫೆ

ಅಮೆರಿಕದ ಉತ್ತರ ಗಡಿಯ ನಮ್ಮ ಸೇಂಟ್ ಜಾನ್ ಕಣಿವೆಯಲ್ಲಿ ಆಲ್ಫೆ ಜಾಂದ್ರೋ ಕೈಯಾಡಿಸದ ಬಾಯ್ಲರ್ ಹುಡುಕಬೇಕೆಂದರೆ ನದಿ ದಾಟಿ ಕೆನಡಾಕ್ಕೇ ಹೋಗಬೇಕು. ಅಲ್ಲೂ ಅವನ ಭಾವಮೈದುನರ ಮನೆಗಳಿವೆ, ಅವೂ ಲೆಕ್ಕಕ್ಕೆ ಬರುವುದಿಲ್ಲ. ನಾನು ಕೋರಿನ್. ಬಾಯ್ಲರಿಗೆ ಎಣ್ಣೆ ಮಾರಿ ರಿಪೇರಿಯನ್ನೂ ಮಾಡಿಕೊಡುವ ಊರಿನ ಎಣ್ಣೆ ಕಂಪನಿಯ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಫೋನ್ ಎತ್ತಿದವಳು. ಜನವರಿ ಬಂತೆಂದರೆ ಬೆಳಗ್ಗೆ ಏಳಕ್ಕೇ ಶುರುವಾಗುತ್ತಿತ್ತು. "ಕೋರಿನ್, ಮನೆಯೊಳಗೆ ನೀರು ಹೆಪ್ಪುಗಟ್ತಾ ಇದೆ, ಆಲ್ಫೆನ ಕಳಿಸು ಮಾರಾಯ್ತಿ." ಬೇರೆ ಯಾರನ್ನಾದರೂ ಕಳಿಸುತ್ತೇನೆ ಎಂದರೆ ಆ ಕಡೆಯವರು ಮುಖ ಸಿಂಡರಿಸಿದ್ದು ಫೋನಿನಲ್ಲೇ ಗೊತ್ತಾಗುತ್ತಿತ್ತು.

ಅವನು ನೆಲಮಾಳಿಗೆಗೆ ಇಳಿದು, ಬಾಯ್ಲರಿನಿಂದ ಮನೆಯೆಲ್ಲ ಬಿಸಿನೀರು ಸುತ್ತಿಸುವ ಪೈಪಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನೀರು ಎಲ್ಲಿ ಹರಿಯುತ್ತಿದೆ, ಎಲ್ಲಿ ಗಾಳಿ ಸಿಕ್ಕಿಕೊಂಡು ನಿಂತಿದೆ ಎಂದು ಕೈಯಿಂದಲೇ ಹೇಳುತ್ತಿದ್ದ. ಒಂಟಿ ಹೆಂಗಸರ ಮನೆಯಲ್ಲಿ ಕೆಲಸ ಮಾಡಿ ಹಣದ ಚೀಟಿ ಕೊಡದೆ ಬಂದು, ನಾನು ಕೇಳಿದರೆ "ಅಯ್ಯೋ, ಒಂದು ಸ್ಕ್ರೂ ತಿರುಗಿಸಿದ್ದಕ್ಕೆ ಚೀಟಿ ಬೇರೆ ಕೇಡು" ಎನ್ನುತ್ತಿದ್ದ. ಜಿಪುಣ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಕೇಳಿದವರು ಅವನನ್ನು ಜಿಪುಣ ಎಂದುಕೊಳ್ಳುತ್ತಾರೆ.

ಅವನ ಮನೆಯಲ್ಲಿ ಬಿಸಿ ಎಷ್ಟಿರಬೇಕೆಂದು ಬಾಯ್ಲರಿಗೆ ಹೇಳುವ ಥರ್ಮೋಸ್ಟಾಟ್ ಒಂದೇ. ಅಡುಗೆಮನೆಯ ಗೋಡೆಯ ಮೇಲೆ. ಮುಳ್ಳು ಅರವತ್ತೆರಡು ಡಿಗ್ರಿ ಫ್ಯಾರನ್‌ಹೀಟಿನಲ್ಲಿ. ಎಪ್ಪತ್ತಿಟ್ಟರೆ ಮನುಷ್ಯರ ಹಾಗೆ ಇರಬಹುದು, ಅರವತ್ತೆರಡರಲ್ಲಿ ಕೋಟು ಬಿಚ್ಚಬಹುದು ಅಷ್ಟೇ, ಸ್ವೆಟರ್ ಬಿಚ್ಚುವ ಹಾಗಿಲ್ಲ. ಅದರ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ, ಶಾಲೆಗಳಲ್ಲಿ ಮಕ್ಕಳು ಮುಟ್ಟದಿರಲಿ ಎಂದು ಹಾಕುತ್ತಾರಲ್ಲ, ಬೀಗ ಇರುವಂಥದ್ದು. ಮನೆಯಲ್ಲಿ ಮಕ್ಕಳಿರಲಿಲ್ಲ. ಇದ್ದವಳು ಹೆಂಡತಿ ಲೊರೆಟ್ ಒಬ್ಬಳೇ. ಬೀಗದಕೈ ಆಲ್ಫೆಯ ಸೊಂಟದ ಗೊಂಚಲಿನಲ್ಲಿ. "ಅರವತ್ತೆರಡು ಮೈಗೆ ಒಳ್ಳೇದು. ಬಿಸಿ ಮನೆಯಲ್ಲೇ ಜನ ಕಾಯಿಲೆ ಬೀಳೋದು," ಎಂದು ಊರಿಗೆಲ್ಲ ಭಾಷಣ. ಆ ಡಬ್ಬಿ ಕಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು, ಅದೊಂದೇ ಆ ಮನೆಯಲ್ಲಿ ಸಿಗುತ್ತಿದ್ದ ಬಿಸಿ.

ಲೊರೆಟ್ ಕೌದಿ ಹೊಲಿಯುವವಳು. ಕಣಿವೆಯ ಅರ್ಧ ಮಕ್ಕಳು ಅವಳ ಕೌದಿ ಹೊದ್ದು ಬೆಳೆದವರು. ಮಾಳಿಗೆಯ ಮೇಲಿನ ಸಣ್ಣ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಒಂದು ವರ್ಷ ನವೆಂಬರಿನಲ್ಲಿ ಹಿಂಬಾಗಿಲ ಮೆಟ್ಟಿಲ ಮಂಜಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ಕನ್ಯಾಸ್ತ್ರೀಯರ ಆರೈಕೆ ಮನೆಗೆ ಹೋದಳು. ಕ್ರಿಸ್‌ಮಸ್, ಹೊಸ ವರ್ಷ ಎರಡೂ ಅಲ್ಲೇ ಆಯಿತು. ಜನವರಿ ಎರಡನೇ ವಾರ ಡಾಕ್ಟರು, ಇನ್ನು ಮೆಟ್ಟಿಲು ಹತ್ತುವ ಹಾಗಿಲ್ಲ, ಕೆಳಗಿನ ಕೋಣೆಯಲ್ಲಿ ಮಂಚ ಹಾಕುವುದಾದರೆ ಮನೆಗೆ ಕರೆದುಕೊಂಡು ಹೋಗಬಹುದು ಎಂದರು.

ಆ ಭಾನುವಾರ ಆಲ್ಫೆಯ ಜೊತೆ ನಾನೂ ಹೋಗಿದ್ದೆ. ಅವನು ಕ್ಷೌರ ಮಾಡಿಸಿಕೊಂಡು, ಚರ್ಚಿನ ಪೂಜೆಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದ.

"ಮುಂದಿನ ಕೋಣೇಲಿ ಮಂಚ ಹಾಕ್ತೀನಿ," ಎಂದ. "ಶನಿವಾರ ಬಂದು ಕರ್ಕೊಂಡ್ ಹೋಗ್ತೀನಿ."

"ನಾನು ಬರಲ್ಲ," ಎಂದಳು ಲೊರೆಟ್.

"ಬರಲ್ಲ ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ. ಇಲ್ಲಿ ನನ್ನ ಕಾಲು ಬೆಚ್ಚಗಿದೆ ಆಲ್ಫೆ."

ಅವನು ನಕ್ಕ. ಅವಳು ನಗಲಿಲ್ಲ. ಹೊದಿಕೆ ಸರಿಸಿ ಪಾದ ತೋರಿಸಿದಳು. ಜನವರಿಯಲ್ಲಿ, ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿರುವಾಗ, ಲೊರೆಟ್ ಜಾಂದ್ರೋಳ ಬರಿಗಾಲು. ನಾನೂ ಮೊದಲ ಸಲ ನೋಡಿದ್ದು.

"ನಲವತ್ತಾರು ವರ್ಷ ಸಾಕ್ಸ್ ಹಾಕ್ಕೊಂಡೇ ಮಲಗಿದೀನಿ. ಮೇಲಿಂದ ಮೇಲೆ ಮೂರು ಜೊತೆ. ಇಲ್ಲಿ ಹಾಕ್ಕೊಂಡಿಲ್ಲ. ಸಿಸ್ಟರ್ ಎಮೆಲಿನ್ ನದಿ ಕಡೆ ಕಿಟಕಿ ಇರೋ ಕೋಣೆ ಖಾಲಿ ಇದೆ ಅಂದ್ರು. ಶನಿವಾರ ಸಂಜೆಯೊಳಗೆ ಹೇಳ್ಬೇಕಂತೆ. ಇಲ್ಲೇ ಇರ್ತೀನಿ ಅಂತ ಹೇಳೋಣ ಅಂತಿದೀನಿ."

ಕೋಪದಲ್ಲಿ ಹೇಳಿದ್ದರೆ ಅವನು ತಿರುಗಿ ಬೈಯುತ್ತಿದ್ದ. ಅವಳು ಸಂತೆಯಲ್ಲಿ ಬಟ್ಟೆ ಆರಿಸಿದವಳ ಹಾಗೆ ನೆಮ್ಮದಿಯಾಗಿ ಹೇಳಿದಳು.

ಟ್ರಕ್ಕನ್ನು ಅರ್ಧ ದಾರಿ ಸಿಟ್ಟಿನಲ್ಲೇ ಓಡಿಸಿದ. ಆಮೇಲೆ ಶುರು ಮಾಡಿದ. "ಕಾಲು ಬೆಚ್ಚಗಿದೆಯಂತೆ! ಅದಕ್ಕೆ ಗಂಡನ್ನ ಬಿಡ್ತಾಳಂತೆ! ನಾಳೆ ಊರವರು ಏನಂತಾರೆ? ಬಾಯ್ಲರ್ ಆಲ್ಫೆ ಹೆಂಡ್ತಿ ಚಳಿ ತಡೀಲಾರ್ದೆ ಓಡಿಹೋದ್ಲು ಅಂತಾರೆ."

"ಅನ್ನಲಿ, ಅದರಲ್ಲಿ ಸುಳ್ಳೇನಿದೆ?" ಎಂದೆ.

"ಅವಳು ಮೊದ್ಲೇ ಹೇಳ್ಬೋದಿತ್ತಲ್ಲ?"

"ಹೇಳಿದ್ಲಲ್ಲೋ! ನನ್ನೆದುರಿಗೇ ಎಷ್ಟು ಸಲ ಹೇಳಿದ್ಲು. ನೀನು ಸ್ವೆಟರ್ ಹಾಕ್ಕೋ ಅಂದೆ. ಅವಳು ಹಾಕ್ಕೊಂಡ್ಲು. ಮುಗೀತು."

ಅವನು ನನ್ನನ್ನು ಮನೆಯ ಮುಂದೆ ಇಳಿಸಿ ಹೋದ.

ಸೋಮವಾರ ಕೆಲಸಕ್ಕೆ ಬರಲಿಲ್ಲ. ನನ್ನ ಇಪ್ಪತ್ತೊಂಬತ್ತು ವರ್ಷದಲ್ಲಿ ಹಾಗಾಗಿದ್ದು ಅವನ ಅಪ್ಪ ಸತ್ತ ದಿನ ಮಾತ್ರ. ಫೋನ್ ಎತ್ತಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನಾನೇ ಅವನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಸೌದೆ ಒಲೆ ಧಗಧಗ ಉರಿಯುತ್ತಿತ್ತು, ಲೊರೆಟ್ ಶನಿವಾರ ಬೀನ್ಸ್ ಬೇಯಿಸುವಾಗ ಉರಿಸುವ ಹಾಗೆ. ಅವನು ಅಲ್ಲಿರಲಿಲ್ಲ. ಕೂಗಿದರೆ ಮೇಲಿನಿಂದ "ಬಾ" ಎಂದ.

ಹೊಲಿಗೆ ಕೋಣೆಯಲ್ಲಿ, ಅವಳ ಕುರ್ಚಿಯಲ್ಲಿ, ಕೋಟು ಟೋಪಿ ಹಾಕಿಕೊಂಡು ಕುಳಿತಿದ್ದ. ತೊಡೆಯ ಮೇಲೆ ಕೆಲಸದ ಥರ್ಮಾಮೀಟರ್.

"ಐವತ್ತೊಂದು," ಎಂದ. "ಬೆಳಗ್ಗೆ ಎಂಟಕ್ಕೆ ಒಲೆ ಹಚ್ಚಿ ಬಂದು ಕೂತೆ. ಅಷ್ಟ್ ಹೊತ್ತಿಂದ ಬಾಯ್ಲರ್ ಒಂದ್ಸಲಾನೂ ಹತ್ಕೊಂಡಿಲ್ಲ ಕಣೇ."

"ಯಾಕೆ, ಕೆಟ್ಟಿದ್ಯಾ?"

"ಕೆಟ್ಟಿಲ್ಲ. ನಾನು ಹೇಳಿದ ಹಾಗೇ ಕೇಳ್ತಾ ಇದೆ. ಒಲೆ ಉರಿದ್ರೆ ಅಡುಗೆಮನೆ ಎಪ್ಪತ್ತಾಗುತ್ತೆ. ಥರ್ಮೋಸ್ಟಾಟ್ ಅಲ್ಲಿದೆ, ಅದಕ್ಕೆ ಮನೆಯೆಲ್ಲ ಬೆಚ್ಚಗಿದೆ ಅನ್ಸುತ್ತೆ. ಬಾಯ್ಲರ್‌ಗೆ ಮಲ್ಕೋ ಅನ್ನುತ್ತೆ. ಇಡೀ ಮನೆಗೆ ಒಂದೇ ಪೈಪು, ಹೋಗಿ ಸುತ್ತಿ ಬರೋದು. ಕೆಳಗೆ ನಿಂತ್ರೆ ಮೇಲೂ ನಿಲ್ಲುತ್ತೆ." ಥರ್ಮಾಮೀಟರ್ ತಿರುಗಿಸಿ ನನಗೆ ತೋರಿಸಿದ. "ಅವಳು ಒಲೆ ಹಚ್ಚಿ ಅಡುಗೆ ಮಾಡಿದ ದಿನವೆಲ್ಲ ಇಲ್ಲಿ ಐವತ್ತೊಂದು. ನಾನು ದಿನವಿಡೀ ಬಾಯ್ಲರ್ ಪಕ್ಕದಲ್ಲಿ ಬೆವತು ಬಂದು, ಒಲೆ ಮುಂದೆ ಕೂತು ಉಣ್ತಿದ್ದೆ. ನಂಗೆ ಚಳಿ ಅನ್ನೋದೇ ಗೊತ್ತಿರಲಿಲ್ಲ."

ಅವನು ಬಗ್ಗಿ ಯಂತ್ರದ ಕೆಳಗಿನಿಂದ ಫ್ಲಾನೆಲ್ ಬಟ್ಟೆಯ ಗಂಟೊಂದನ್ನು ಎಳೆದು ಬಿಚ್ಚಿದ. ಒಂದು ಇಟ್ಟಿಗೆ. ಅಂಚು ಸುಟ್ಟು ಕಪ್ಪಾಗಿತ್ತು.

"ಇದನ್ನ ಒಲೇಲಿ ಕಾಯಿಸಿ ಕಾಲ ಕೆಳಗೆ ಇಟ್ಕೋತಿದ್ಲು. ನನ್ನ ಹೆಂಡ್ತಿ. ಇಟ್ಟಿಗೆ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡ. ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಹೊತ್ತಿಗೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಪಾಪ ಅನ್ನಿಸಿತು, ಇಬ್ಬರ ಬಗ್ಗೆಯೂ.

ಮಂಗಳವಾರ ಬೆಳಗ್ಗೆ ಅವನು ಬಾಯ್ಲರ್ ನಿಲ್ಲಿಸಿ ನೀರು ಬಸಿದ. ಆ ಹಳೇ ಒಂದೇ ಸುತ್ತಿನ ಪೈಪನ್ನು ಕತ್ತರಿಸಿ ಮೂರು ಬೇರೆ ಬೇರೆ ಸುತ್ತು ಮಾಡುವುದು ಅವನ ಲೆಕ್ಕ. ಅಡುಗೆಮನೆಗೊಂದು, ಮುಂದಿನ ಕೋಣೆಗೊಂದು, ಮಾಳಿಗೆಗೊಂದು. ಒಂದೊಂದಕ್ಕೂ ಒಂದು ಕವಾಟ, ಒಂದೊಂದು ಥರ್ಮೋಸ್ಟಾಟ್. ಯಾವ ಕೋಣೆ ಕೇಳುತ್ತದೋ ಅದರ ಕವಾಟ ಮಾತ್ರ ತೆರೆಯಬೇಕು, ಬಿಸಿನೀರು ಅಲ್ಲಿಗೆ ಮಾತ್ರ ಹೋಗಬೇಕು. "ಎಣ್ಣೆನೂ ಕಡಿಮೆ ಸುಡುತ್ತೆ," ಎಂದ. ಊರಿನಲ್ಲಿ ಇಂಥದ್ದನ್ನು ಇನ್ನೂರು ಮನೆಗೆ ಮಾಡಿಕೊಟ್ಟಿದ್ದ ಪುಣ್ಯಾತ್ಮ.

ಮುಂದಿನ ಕೋಣೆಯದೇ ದೊಡ್ಡ ತಲೆನೋವು. ನಮ್ಮಲ್ಲಿ ಆ ಕೋಣೆಯನ್ನು ಚಳಿಗಾಲವೆಲ್ಲ ಮುಚ್ಚಿಡುತ್ತಾರೆ. ಪಾದ್ರಿ ಬಂದರೆ ತೆಗೆಯುತ್ತಾರೆ, ಮನೆಯಲ್ಲಿ ಯಾರಾದರೂ ಸತ್ತರೆ ಶವಪೆಟ್ಟಿಗೆ ಇಡಲು ತೆಗೆಯುತ್ತಾರೆ. ಪಾದ್ರಿ ಕೋಟು ಬಿಚ್ಚುವುದಿಲ್ಲ, ಸತ್ತವರಿಗೆ ಚಳಿಯಿಲ್ಲ. ಹಾಗಾಗಿ ಆಲ್ಫೆ ಮನೆ ಕಟ್ಟಿಸಿದಾಗ ಆ ಕೋಣೆಗೆ ಪೈಪೇ ಹಾಕಿರಲಿಲ್ಲ. ಈಗ ಗೋಡೆಯುದ್ದಕ್ಕೂ ಹೊಸದಾಗಿ ರೇಡಿಯೇಟರ್ ಕೂರಿಸಬೇಕಾಯಿತು.

ನಾನು ಕಚೇರಿ ಮುಗಿಸಿ ಹೋಗಿ ಟಾರ್ಚ್ ಹಿಡಿಯುತ್ತಿದ್ದೆ. ಅವನಿಗೆ ಅರವತ್ತೊಂಬತ್ತು ವಯಸ್ಸು, ಎಡ ಭುಜ ಮೇಲೇಳುವುದಿಲ್ಲ. ತಾಮ್ರದ ಪೈಪು ಕತ್ತರಿಸುವಾಗ "ಉಫ್" ಎನ್ನುವುದು, ನಾನು ನೋಡಿದರೆ ಕೆಮ್ಮಿದ ಹಾಗೆ ಮಾಡುವುದು. ಕಂಪನಿಯ ಹುಡುಗರನ್ನು ಕಳಿಸುತ್ತೇನೆ ಎಂದರೆ ಕೆಂಡವಾದ. "ತಪ್ಪು ಮಾಡಿದ್ದು ಹುಡುಗರಾ?" ಎಂದ.

ಶುಕ್ರವಾರ ಸಂಜೆ ಕೊನೆಯ ಬೆಸುಗೆ ಬಾಕಿಯಿತ್ತು, ಮುಂದಿನ ಕೋಣೆಯ ಪೈಪಿನದು. ಆ ಪೈಪಿನೊಳಗೆ ಎಲ್ಲಿಂದಲೋ ನೀರು ಒಸರುತ್ತಲೇ ಇತ್ತು. ಒಳಗೆ ಒಂದು ಹನಿ ನೀರಿದ್ದರೂ ಬೆಸುಗೆ ಹಿಡಿಯುವುದಿಲ್ಲ. ಅದಕ್ಕೆ ಈ ಕಸುಬಿನವರ ಹಳೇ ಉಪಾಯವೊಂದಿದೆ. ಅಂಗಡಿಯ ಬಿಳಿ ಬ್ರೆಡ್ಡಿನ ಮೆತ್ತನೆ ತಿರುಳನ್ನು ಪೈಪಿನೊಳಗೆ ತುರುಕುವುದು. ಬೆಸುಗೆ ಮುಗಿಯುವವರೆಗೆ ಅದು ನೀರು ತಡೆಯುತ್ತದೆ, ಆಮೇಲೆ ಬಿಸಿನೀರು ಬಿಟ್ಟರೆ ಕರಗಿ ಹೋಗುತ್ತದೆ.

"ಬ್ರೆಡ್ ತಗೊಂಬಾ," ಎಂದ.

ಮನೆಯಲ್ಲಿ ಬ್ರೆಡ್ ಎಲ್ಲಿಂದ ಬರಬೇಕು? ಲೊರೆಟ್ ಬಿದ್ದ ದಿನದಿಂದ ಅವನು ನಾನು ಕಳಿಸುತ್ತಿದ್ದ ಪ್ಲೋಯ್ ತಿಂದುಕೊಂಡಿದ್ದ. ಬಕ್‌ವೀಟ್ ಹಿಟ್ಟಿನದು, ಒಂದೇ ಬದಿ ಬೇಯಿಸುವ ತೂತು ತೂತಿನ ರೊಟ್ಟಿ. ಅಂಗಡಿ ಮುಚ್ಚಿತ್ತು. ನಾನೇ ಒಂದು ಪ್ಲೋಯ್ ತಂದು "ಇದೂ ಹಿಟ್ಟೇ ಅಲ್ವಾ" ಎಂದೆ. ಅವನು ಒಂದು ಕ್ಷಣ ಅದನ್ನು ನೋಡಿದ. ಬೇರೆ ದಿನವಾಗಿದ್ದರೆ ನನ್ನನ್ನು ಮೆಟ್ಟಿಲು ಹತ್ತಿಸಿ ಓಡಿಸುತ್ತಿದ್ದ. ದಣಿದಿದ್ದ. ಸುರುಳಿ ಸುತ್ತಿ ತುರುಕಿದ. ಬೆಸುಗೆ ಬೆಳ್ಳಿಯ ಬಳೆಯ ಹಾಗೆ ಕೂತಿತು.

ಶನಿವಾರ ಹನ್ನೆರಡಕ್ಕೆ ಲೊರೆಟ್ ಬರುವುದೆಂದು ಗೊತ್ತಾಗಿತ್ತು. ನಾಲ್ಕು ಗಂಟೆ ಮನೆಯಲ್ಲಿದ್ದು ನೋಡಿ ಬರಲಿ, ಆಮೇಲೆ ಉತ್ತರ ಹೇಳಲಿ ಎಂದು ಆಲ್ಫೆ ಕೇಳಿಕೊಂಡಿದ್ದಕ್ಕೆ ಲೊರೆಟ್, ಸಿಸ್ಟರ್ ಎಮೆಲಿನ್ ಇಬ್ಬರೂ ಒಪ್ಪಿದ್ದರು. ಬೆಳಗ್ಗೆ ನಾನು ಹೋದಾಗ ಅಡುಗೆಮನೆ ಬೆಚ್ಚಗೆ, ಮಾಳಿಗೆ ಬೆಚ್ಚಗೆ. ಮುಂದಿನ ಕೋಣೆ ಮಾತ್ರ ಹಿಮದ ಗುಹೆ. ಆಲ್ಫೆ ನೆಲಮಾಳಿಗೆಗೂ ಕೋಣೆಗೂ ಓಡಾಡುತ್ತಿದ್ದ. ಗಾಳಿ ಸಿಕ್ಕಿಕೊಂಡಿದೆ ಎಂದು ಮೂರು ಸಲ ಪೈಪಿನ ಗಾಳಿ ಹೊರಗೆ ಬಿಟ್ಟ. ಥರ್ಮೋಸ್ಟಾಟ್ ಕೇಳುತ್ತಿದೆ, ಕವಾಟ ತೆರೆಯುತ್ತಿದೆ, ಪಂಪು ತಿರುಗುತ್ತಿದೆ, ಪೈಪು ತಣ್ಣಗಿದೆ. ಅಂಗೈ ಇಟ್ಟು ಕಣ್ಣು ಮುಚ್ಚಿದ. ನಲವತ್ತೈದು ವರ್ಷ ಮಾತಾಡಿದ ಪೈಪು ಆ ದಿನ ಅವನಿಗೆ ಏನೂ ಹೇಳಲಿಲ್ಲ.

ವ್ಯಾನು ಬಂದೇಬಿಟ್ಟಿತು. ಗಾಲಿಕುರ್ಚಿಯನ್ನು ಮುಂದಿನ ಕೋಣೆಗೆ ತಳ್ಳಿಕೊಂಡು ಬಂದೆವು. ಹೊಸ ಮಂಚ, ಅವಳದೇ ಕೌದಿ, ಮೇಜಿನ ಮೇಲೆ ದೀಪ. ಲೊರೆಟ್ ಸುತ್ತಲೂ ನೋಡಿದಳು. ಉಸಿರು ಬಿಟ್ಟಳು. ಬಾಯಿಂದ ಹೊಗೆ ಬಂತು.

"ಒಳ್ಳೆ ಲೆಕ್ಕಾಚಾರ ಆಲ್ಫೆ," ಎಂದಳು. "ಹೆಣ ಇಡೋ ಕೋಣೆಗೇ ನೇರ ಕರ್ಕೊಂಡ್ ಬಂದಿದೀಯ. ತಣ್ಣಗೂ ಇದೆ, ಕೆಡಲ್ಲ."

ನಾನು ನಗಬಾರದಿತ್ತು, ನಕ್ಕೆ. ಆಲ್ಫೆಯ ಮುಖ ನೋಡಿ ನಿಲ್ಲಿಸಿದೆ. ಬಿಳಿಚಿ ಹೋಗಿತ್ತು.

"ಹತ್ತು ನಿಮಿಷ ಲೊರೆಟ್. ಹತ್ತೇ ನಿಮಿಷ ಕೊಡು."

"ನಲವತ್ತಾರು ವರ್ಷ ಕೊಟ್ಟಿದೀನಿ. ಹತ್ತು ನಿಮಿಷ ಜಾಸ್ತಿ ಏನಲ್ಲ. ಹೋಗು."

ಅವನು ಕೆಳಗಿಳಿದ. ಸ್ಪ್ಯಾನರ್ ಬಿದ್ದ ಸದ್ದು, ಬೈಗುಳ, ಬಕೆಟ್ಟಿಗೆ ನೀರು ಬಿದ್ದ ಸದ್ದು. ಅವಳು ಕೋಟಿನೊಳಗೆ ಕೈ ಹುದುಗಿಸಿಕೊಂಡು ಕುಳಿತಿದ್ದಳು. ಅವಳು ಮನಸ್ಸಿನಲ್ಲಿ ಆಗಲೇ ನದಿ ಕಡೆಯ ಕಿಟಕಿಯ ಹತ್ತಿರ ಹೋಗಿ ಕೂತಿದ್ದಾಳೆ ಎಂದು ನನಗೆ ಹೆದರಿಕೆಯಾಯಿತು. ಅರ್ಧ ಗಂಟೆ ಕಳೆದ ಮೇಲೆ ಆಲ್ಫೆ ಮೆಟ್ಟಿಲು ಹತ್ತಿ ಬಂದ. ಮೊಣಕಾಲವರೆಗೆ ಒದ್ದೆ. ಅಂಗೈ ಚಾಚಿದ. ಅದರ ಮೇಲೆ ಬೂದುಬಣ್ಣದ, ಅಂಟಂಟಾದ ಒಂದು ಮುದ್ದೆ.

"ಕವಾಟದ ಬಾಯಲ್ಲಿ ಸಿಕ್ಕೊಂಡಿತ್ತು," ಎಂದ.

"ಏನಿದು, ಇಲೀನಾ?"

"ಪ್ಲೋಯ್. ಬ್ರೆಡ್ ಇರಲಿಲ್ಲ. ಕರಗುತ್ತೆ ಅನ್ಕೊಂಡೆ."

ಲೊರೆಟ್ ಕನ್ನಡಕ ಸರಿಮಾಡಿಕೊಂಡು ಅದನ್ನು ಹತ್ತಿರದಿಂದ ನೋಡಿದಳು. "ಯಾರು ಮಾಡಿದ್ದು?"

"ಕೋರಿನ್."

"ಮತ್ತೆ ಹೇಗೆ ಕರಗುತ್ತೆ?"

ಹೇಳಿದವಳಿಗೇ ಮೊದಲು ನಗು ಬಂತು. ಸೊಂಟ ಹಿಡಿದುಕೊಂಡು, "ಅಯ್ಯೋ ನೋಯುತ್ತೆ, ನಗಿಸ್ಬೇಡಿ" ಎನ್ನುತ್ತಾ ನಕ್ಕಳು. ನನ್ನ ಪ್ಲೋಯ್ ಬಗ್ಗೆ ಆ ಮಾತು ಈಗಲೂ ಕಣಿವೆಯಲ್ಲಿ ಓಡಾಡುತ್ತಿದೆ. ಇರಲಿ, ಆ ದಿನಕ್ಕೆ ಅದನ್ನು ಮಾಫಿ ಮಾಡಿದ್ದೇನೆ.

ಅಷ್ಟರಲ್ಲಿ ಗೋಡೆಯ ಪಕ್ಕದ ಪೈಪು ಟಿಕ್ ಟಿಕ್ ಎನ್ನತೊಡಗಿತು. ಬಿಸಿನೀರು ಬಂದು ತಾಮ್ರ ಹಿಗ್ಗುವ ಸದ್ದು. ಮುಕ್ಕಾಲು ಗಂಟೆಯಲ್ಲಿ ಕೋಣೆ ಅರವತ್ತೆಂಟಕ್ಕೆ ಬಂತು. ಲೊರೆಟ್ ಕೋಟಿನ ಗುಂಡಿ ಬಿಚ್ಚಿದಳು. ಆಲ್ಫೆ ಮದುವೆ ಗಂಡಿನ ಹಾಗೆ ಬೀಗುತ್ತಾ ನಿಂತಿದ್ದ.

"ಎಲ್ಲ ಸರಿ," ಎಂದಳು ಅವಳು. "ಆ ಡಬ್ಬಿ ಬೀಗದಕೈ ಯಾರ ಹತ್ರ ಇರುತ್ತೆ?"

ನಾವಿಬ್ಬರೂ ಗೋಡೆಯ ಕಡೆ ತಿರುಗಿದೆವು. ಬಾಗಿಲ ಪಕ್ಕದಲ್ಲಿ, ಎತ್ತರದ ಗಂಡಸಿನ ಕೈಗೆ ನಿಲುಕುವಲ್ಲಿ ಹೊಸ ಥರ್ಮೋಸ್ಟಾಟ್. ಅದರ ಮೇಲೆ ಹೊಸ ಪ್ಲಾಸ್ಟಿಕ್ ಡಬ್ಬಿ, ಹೊಸ ಬೀಗ. ಅಭ್ಯಾಸಬಲ. ಹಾಕಿದ್ದು ಅವನಿಗೇ ನೆನಪಿಲ್ಲವೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಸ್ಕ್ರೂಡ್ರೈವರ್ ತಂದು ಡಬ್ಬಿ ಕಿತ್ತು ಬಕೆಟ್ಟಿಗೆ ಎಸೆದ. ಥರ್ಮೋಸ್ಟಾಟ್ ಬಿಚ್ಚಿ, ತಂತಿ ಉದ್ದ ಮಾಡಿ, ಮಂಡಿಯೂರಿ ಕುಳಿತು ಮಂಚದ ತಲೆದಿಂಬಿನ ಪಕ್ಕದ ಗೋಡೆಗೆ, ಮಲಗಿದವರ ಕೈಗೆ ಸಿಗುವ ಹಾಗೆ ಕೂರಿಸಿದ. ಎದ್ದು ನಿಲ್ಲಲು ಮಂಚ ಹಿಡಿಯಬೇಕಾಯಿತು. ಲೊರೆಟ್ ಕುರ್ಚಿ ಹತ್ತಿರ ತಳ್ಳಿಸಿಕೊಂಡು ಮುಳ್ಳನ್ನು ಎಪ್ಪತ್ತಾರಕ್ಕೆ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಅವನು ಸ್ವೆಟರ್ ಬಿಚ್ಚಿದ, ಆಮೇಲೆ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಕುಳಿತ.

ಮೂರೂವರೆ ಆಗಿತ್ತು. ನಾಲ್ಕಕ್ಕೆ ವ್ಯಾನು. ಅವಳು ಇರುತ್ತೇನೆ ಎಂದೂ ಹೇಳಲಿಲ್ಲ, ಹೋಗುತ್ತೇನೆ ಎಂದೂ ಹೇಳಲಿಲ್ಲ.

"ನೀನು ಬೇರೆಯವರ ಮನೆ ಬಾಗಿಲು ತೆಗೆದ ಕೂಡ್ಲೆ ಏನು ಕೇಳ್ತೀಯ ಆಲ್ಫೆ?" ಎಂದಳು.

"ಏನು ಕೇಳ್ತೀನಿ? ಎಲ್ಲೆಲ್ಲಿ ಚಳಿ ಅಂತ ಕೇಳ್ತೀನಿ."

"ಹೂಂ. ಎಲ್ಲರನ್ನೂ ಕೇಳ್ತೀಯ. ಅವರು ಹೇಳ್ತಾರೆ, ನೀನು ಬರ್ಕೋತೀಯ. ನಂಗೆ ಹೊಟ್ಟೆಕಿಚ್ಚಾಗ್ತಿತ್ತು."

ಅವನು ಎದ್ದು, ಬಿಚ್ಚಿಟ್ಟ ಅಂಗಿಯ ಜೇಬಿನಿಂದ ಕೆಲಸದ ಚೀಟಿ ಪುಸ್ತಕ ತೆಗೆದ. ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಕುರ್ಚಿ ಎಳೆದು ಅವಳ ಎದುರು ಕುಳಿತ.

"ಎಲ್ಲೆಲ್ಲಿ ಚಳಿ ಲೊರೆಟ್?"

"ಸಿಂಕ್ ಮುಂದೆ, ಕಾಲ ಹತ್ರ," ಎಂದಳು. ಅವನು ಬರೆದುಕೊಂಡ. "ಮೆಟ್ಟಿಲ ತಿರುವಲ್ಲಿ." ಬರೆದುಕೊಂಡ. "ಮೇಲಿನ ಮಂಚದಲ್ಲಿ ನನ್ನ ಮಗ್ಗುಲು. ಪೈಪು ನಿನ್ನ ಕಡೆ ಇದೆ, ನನ್ನ ಕಡೆ ಬರೀ ಗೋಡೆ." ಬರೆದುಕೊಂಡ.

"ಆ ಮೂಲೆ," ಎಂದು ಕೋಣೆಯ ತುದಿಗೆ ಬೆರಳು ಮಾಡಿದಳು. "ಅಮ್ಮನ ಪೆಟ್ಟಿಗೆ ಇಲ್ಲಿಟ್ಟಿದ್ದಾಗ ಎರಡು ದಿನ ಆ ಮೂಲೇಲಿ ಕೂತಿದ್ದೆ. ನೀನು ಯಾರ್ದೋ ಬಾಯ್ಲರ್ ನೋಡೋಕೆ ಹೋಗಿದ್ದೆ."

ಅವನ ಪೆನ್ಸಿಲ್ ನಿಂತಿತು. ಅವನು ತಲೆಯೆತ್ತದೆ ಅದನ್ನೂ ಬರೆದ.

"ಊಟದ ಮೇಜು. ನೀನು ತಟ್ಟೆ ನೋಡ್ಕೊಂಡು ತಿಂದು ಎದ್ದು ಹೋಗ್ತೀಯಲ್ಲ, ಅಲ್ಲಿ."

ಅದನ್ನೂ ಬರೆದ. ಅವನ ಅಕ್ಷರ ಮೊದಲೇ ಕಾಗೆ ಕಾಲು, ಈಗ ಇನ್ನಷ್ಟು ಸೊಟ್ಟಗಾಗಿತ್ತು. ಹೊರಗೆ ವ್ಯಾನು ಬಂದು ನಿಂತು ಹಾರ್ನ್ ಮಾಡಿತು. ಅವನು ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದ. ಕೆಳಗಿನ ಎರಡು ಸಾಲಿನ ಮೇಲೆ ಬೆರಳಿಟ್ಟ.

"ಇವೆರಡಕ್ಕೆ ಪೈಪು ಎಲ್ಲಿಂದ ಎಳೀಬೇಕು ಅಂತ ನಂಗೆ ಗೊತ್ತಿಲ್ಲ ಲೊರೆಟ್," ಎಂದ.

ಲೊರೆಟ್ ಬಗ್ಗಿ ಬೂಟಿನ ದಾರ ಬಿಚ್ಚಲು ನೋಡಿದಳು. ಸೊಂಟ ಬಗ್ಗಲಿಲ್ಲ. ಅವನೇ ಮಂಡಿಯೂರಿ ಬಿಚ್ಚಿ, ಸಾಕ್ಸನ್ನೂ ಎಳೆದು ತೆಗೆದ.

"ನಿಧಾನಕ್ಕೆ ಎಳಿ," ಎಂದಳು ಅವಳು. "ಅವಸರ ಏನಿಲ್ಲ. ಕೋರಿನ್, ಆ ವ್ಯಾನಿನವನಿಗೆ ಹೋಗು ಅನ್ನು. ನಾನೆಲ್ಲಿಗೂ ಹೋಗ್ತಿಲ್ಲ."